ಚಾಳಿನ ಮೆಟ್ಟಿಲು: ಮುಂಬಯಿಯ ವಸತಿರಚನೆಯೂ ಮನೆ ಬದಲಿಸುವ ದಿನವೂ

ಮನೆಯೊಂದರ ಗುಣದೋಷಗಳನ್ನು ಅರಿಯಲು ಅದರಲ್ಲಿ ಬಾಳಿದ ವರ್ಷಗಳಿಗಿಂತ ಅದನ್ನು ಸೇರುವ ಅಥವಾ ತೊರೆಯುವ ಒಂದು ದಿನವೇ ಹೆಚ್ಚು ಸಹಾಯಕ. ಗಾಳಿಬೆಳಕುಗಳ ಕೊರತೆಯನ್ನು ಮನುಷ್ಯನು ಅಭ್ಯಾಸಬಲದಿಂದ ಮರೆಯಬಲ್ಲನು. ಆದರೆ ಮಂಚವೊಂದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿ ನಿಂತಾಗ ಕಟ್ಟಿಸಿದವನ ಲೆಕ್ಕಾಚಾರವೆಲ್ಲ ಬಯಲಾಗುತ್ತದೆ. ಮುಂಬಯಿಯ ವಸತಿಯನ್ನು ಕುರಿತ ಚರ್ಚೆಯಲ್ಲಿ ಬಾಡಿಗೆ, ಆರೋಗ್ಯ, ಜನದಟ್ಟಣೆಗಳು ಹೇರಳವಾಗಿ ಬರುತ್ತವೆ. ಸಾಮಾನು ಯಾವ ದಾರಿಯಿಂದ ಒಳಗೆ ಬಂತು, ಯಾರ ತಲೆಯ ಮೇಲೆ ಬಂತು, ಯಾವುದು ಬರಲಾರದೆ ಹೊರಗುಳಿಯಿತು ಎಂಬ ವಿಚಾರಕ್ಕೆ ಅಷ್ಟು ಗಮನ ಸಂದಿಲ್ಲ.

ಕರ್ನಾಟಕದಿಂದ ಬಂದ ಕುಟುಂಬಗಳಿಗೆ ಈ ಸಮಸ್ಯೆಯೇ ಹೊಸದಾಗಿತ್ತು. ತುಳುನಾಡಿನ ಗುತ್ತಿನ ಮನೆಯಾಗಲಿ, ಮಲೆನಾಡಿನ ತೊಟ್ಟಿಮನೆಯಾಗಲಿ, ಬಿಜಾಪುರ ಧಾರವಾಡಗಳ ಕಡೆಯ ವಾಡೆಯಾಗಲಿ, ತಲೆಮಾರುಗಳವರೆಗೆ ನಿಲ್ಲುವವರಿಗಾಗಿ ಕಟ್ಟಿದಂಥವು. ಬಾಗಿಲು ಗಿಡ್ಡ, ತಲೆಬಾಗಿಯೇ ಒಳಹೊಗಬೇಕು. ಭತ್ತ ತುಂಬುವ ಮರದ ಪತ್ತಾಯವನ್ನು ಬಡಗಿ ಮನೆಯೊಳಗೇ ಕೂಡಿಸಿದರೆ, ಅದು ಬಾಗಿಲಿಗಿಂತ ದೊಡ್ಡದಾದರೂ ಯಾರಿಗೂ ಚಿಂತೆಯಿರಲಿಲ್ಲ. ಅದು ಹೊರಗೆ ಹೋಗಬೇಕಾದ ವಸ್ತುವೇ ಅಲ್ಲ. ಇಂಥ ಮನೆಯಿಂದ ಹೊರಟು ಕರಾವಳಿಯ ಹಡಗಿನಲ್ಲಿಯೋ ರೈಲಿನಲ್ಲಿಯೋ ಮುಂಬಯಿಗೆ ಬಂದಿಳಿದ ತರುಣನ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ. ಹೋಟೆಲಿನ ಕೆಲಸಕ್ಕೆ ಸೇರಿದವನು ರಾತ್ರಿ ಅಲ್ಲಿನ ಮೇಜುಗಳ ನಡುವೆಯೇ ಮಲಗುತ್ತಿದ್ದನು; ಅವನಿಗೆ ಮೆಟ್ಟಿಲ ತೊಡಕು ತಿಳಿಯದು. ಹೆಂಡತಿ ಬಂದು ಖೋಲಿ ಹಿಡಿದ ದಿನ, ಕಡೆಯುವ ಕಲ್ಲು ಬೇಕಾದ ದಿನ, ಅದು ತಿಳಿಯುತ್ತಿತ್ತು.

ಹತ್ತಿಯ ಗಿರಣಿಗಳು ಮುಂಬಯಿಯಲ್ಲಿ ತಲೆಯೆತ್ತಿದ್ದು 1850ರ ದಶಕದಲ್ಲಿ. ಅವುಗಳ ಬೆನ್ನಿಗೆ ಖಾಸಗಿ ಮಾಲಿಕರು ಕಟ್ಟಿಸಿದ ಚಾಳುಗಳು ಬೆಳೆದವು. 1891ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8 ಲಕ್ಷ 21 ಸಾವಿರವನ್ನು ಮೀರಿತ್ತು. ಐದು ವರ್ಷಗಳ ತರುವಾಯ, 1896ರಲ್ಲಿ, ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷದ ಆರಂಭದ ವೇಳೆಗೆ ಲಕ್ಷಗಟ್ಟಲೆ ಜನ ಊರು ಬಿಟ್ಟರು. ಅದೂ ಮನೆ ಬದಲಿಸುವುದೇ. ಆದರೆ ಗಂಟು ಕಟ್ಟಿದಷ್ಟೇ ಸಾಮಾನು. ಅಧಿಕಾರಿಗಳು ಖೋಲಿಗಳನ್ನು ಹೊಕ್ಕು ಸುಣ್ಣ ಬಳಿಸಿದರು, ಬೆಳಕಿಗಾಗಿ ಹಂಚು ತೆಗೆಸಿದರು, ಸೋಂಕಿನ ಶಂಕೆಯಿದ್ದ ಬಟ್ಟೆಬರೆಗಳನ್ನು ಸುಡಿಸಿದರು, ಕೆಲವು ಮನೆಗಳ ಗೋಡೆಯ ಮೇಲೆ ‘ಮನುಷ್ಯವಾಸಕ್ಕೆ ಅಯೋಗ್ಯ’ ಎಂಬುದರ ಇಂಗ್ಲಿಷ್ ಆದ್ಯಕ್ಷರಗಳನ್ನು ಬರೆಸಿದರು.

ಈ ಭಯದಿಂದ ಹುಟ್ಟಿದ ಸಂಸ್ಥೆ 1898ರ ಮುಂಬಯಿ ಸುಧಾರಣಾ ಟ್ರಸ್ಟು. ಅದರ ದೃಷ್ಟಿಯೆಲ್ಲ ಗಾಳಿಬೆಳಕುಗಳ ಮೇಲೆ. ಟ್ರಸ್ಟಿನ ಅಧ್ಯಕ್ಷನಾಗಿದ್ದ ಜೆ. ಪಿ. ಆರ್ ಎಂಬ ಅಧಿಕಾರಿ ಅರವತ್ತಮೂರೂವರೆ ಡಿಗ್ರಿ ಕೋನದ ನಿಯಮವನ್ನು ಹುರುಪಿನಿಂದ ಪ್ರತಿಪಾದಿಸಿದನು. ಎದುರಿನ ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ಕಿಟಕಿಯ ಮುಂದಿರಬೇಕೆಂಬುದು ಅದರ ತಾತ್ಪರ್ಯ. ನಿಯಮ ಒಳ್ಳೆಯದೇ, ಅದರಿಂದ ಅನೇಕ ಜೀವಗಳು ಉಳಿದಿರಬೇಕು. ಆದರೆ ಸೂರ್ಯಕಿರಣ ಒಳಗೆ ಬರುವ ಕೋನವನ್ನು ಇಷ್ಟು ನಿಖರವಾಗಿ ಅಳೆದ ಕಾಲದಲ್ಲಿ ಮಂಚ ಒಳಗೆ ಬರುವ ಕೋನವನ್ನು ಅಳೆಯಬೇಕೆಂದು ತೋರಲಿಲ್ಲ. ಕೂಲಿಗಾರನಿಗೆ ಮಂಚವೆಲ್ಲಿಯದು ಎಂಬ ಭಾವನೆ ಇದ್ದಿರಲೂಬಹುದು.

ಹಳೆಯ ಚಾಳಿನ ರಚನೆ ಬಲ್ಲವರಿಗೆ ಬಲ್ಲದ್ದೇ. ನಡುವೆ ಅಂಗಳ ಅಥವಾ ಓಣಿ. ಅದಕ್ಕೆ ಮುಖಮಾಡಿ ಪ್ರತಿ ಮಾಳೆಯಲ್ಲಿಯೂ ಉದ್ದನೆಯ ಗ್ಯಾಲರಿ. ಗ್ಯಾಲರಿಗೆ ತೆರೆಯುವ ಖೋಲಿಗಳ ಸಾಲು. ತುದಿಯಲ್ಲಿ ನಲ್ಲಿಯೂ ಕಕ್ಕಸುಗಳೂ. ಖೋಲಿಯೊಳಗೆ ಮೂಲೆಯಲ್ಲಿ ಮೋರಿ, ತಲೆಯ ಮೇಲೆ ಪೋಟಮಾಳ. ಮೆಟ್ಟಿಲು ಮಾತ್ರ ಮರದ್ದು, ಕಡಿದು, ಇಕ್ಕಟ್ಟು. ಬಾಡಿಗೆ ತರುವುದು ಖೋಲಿ, ಮೆಟ್ಟಿಲಲ್ಲ. ಆದುದರಿಂದ ಮಾಲಿಕನು ಜಾಗವನ್ನು ಉಳಿಸಿದ್ದು ಮೆಟ್ಟಿಲಿನಲ್ಲಿಯೇ. ಮನೆ ಬದಲಿಸುವವರು ಮೊದಲು ದೇವರ ದೀಪವನ್ನೂ ಹಾಲುಕ್ಕಿಸುವ ಪಾತ್ರೆಯನ್ನೂ ಮೇಲಕ್ಕೆ ಒಯ್ಯುತ್ತಿದ್ದರು. ಇವಕ್ಕೆ ಯಾವ ಅಡ್ಡಿಯೂ ಇಲ್ಲ. ಬಳಿಕ ಹಿತ್ತಾಳೆಯ ಹಂಡೆ, ಟ್ರಂಕುಗಳು. ಕಡೆಯುವ ಕಲ್ಲಿಗೆ ಇಬ್ಬರು ಬೇಕು. ಮೆಟ್ಟಿಲಿನ ಅಗಲ ಒಬ್ಬನಿಗಷ್ಟೆ. ಮೇಲೇರಿದ ಮೇಲೂ ಅದರ ಸದ್ದಿಗೆ ಕೆಳಗಿನ ಮಾಳೆಯವರ ಆಕ್ಷೇಪ. ಉತ್ತರ ಕರ್ನಾಟಕದವರ ಬೀಸುವ ಕಲ್ಲಿನ ಕಥೆಯೂ ಇದೇ. ಅಡಿಗೆಯ ರೂಢಿ ಬದಲಾಯಿತೆಂದು ಹಿರಿಯರು ಹಳಹಳಿಸುವಾಗ ಮೆಟ್ಟಿಲಿನ ಅಗಲವನ್ನು ಯಾರೂ ಹೆಸರಿಸುವುದಿಲ್ಲ.

ಈ ಇಕ್ಕಟ್ಟಿಗೆ ಪರಿಹಾರವನ್ನೂ ಕಟ್ಟಡವೇ ಒದಗಿಸಿತು. ಗ್ಯಾಲರಿ ತೆರೆದದ್ದು, ಕಟಾಂಜನವನ್ನು ಬಿಚ್ಚಿದರೆ ಅಂಗಳದಿಂದ ನೇರವಾಗಿ ಹಗ್ಗ ಕಟ್ಟಿ ಎಳೆಯಬಹುದು. ಆದರೆ ಅದಕ್ಕೆ ಕೆಳಗಿನ ಮಾಳೆಗಳವರ ಒಪ್ಪಿಗೆ ಬೇಕು, ಮೇಲಿನವರ ಕೈಗಳು ಬೇಕು, ಮಕ್ಕಳನ್ನು ಅಂಗಳದಿಂದ ಸರಿಸಬೇಕು. ಹೀಗೆ ಹೊಸ ಬಾಡಿಗೆದಾರನಿಗೆ ಮೊದಲ ದಿನವೇ ಚಾಳಿನವರೆಲ್ಲರ ಪರಿಚಯವಾಗುತ್ತಿತ್ತು, ಅವನ ಸಂಸಾರದ ಸಮಸ್ತ ಸಾಮಾನಿನ ಪರಿಚಯ ಅವರಿಗೂ ಆಗುತ್ತಿತ್ತು. ಚಾಳಿನ ನೆರೆಹೊರೆಯ ಪ್ರೀತಿಯನ್ನು ಹೊಗಳುವುದು ವಾಡಿಕೆ. ಆ ಪ್ರೀತಿಯಲ್ಲಿ ಒಂದಂಶ ಇಕ್ಕಟ್ಟಾದ ಮೆಟ್ಟಿಲಿನ ಫಲವೆಂದರೆ ತಪ್ಪಾಗದು.

ಕಾಯಿಲೆಯವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾಗಿತ್ತು. ಸತ್ತವರನ್ನು ತೋಳುಗಳಲ್ಲಿ ಎತ್ತಿ ತಂದು ಅಂಗಳದಲ್ಲಿ ಚಟ್ಟಕ್ಕೇರಿಸುವುದು ಶಾಸ್ತ್ರವೂ ಹೌದು, ಮೆಟ್ಟಿಲಿನ ನಿರ್ಬಂಧವೂ ಹೌದು.

ಗೋದ್ರೆಜ್ ಕಾರಖಾನೆ 1923ರಲ್ಲಿ ಉಕ್ಕಿನ ಕಪಾಟುಗಳನ್ನು ತಯಾರಿಸತೊಡಗಿತು. ಕಾಲಕ್ರಮದಲ್ಲಿ ಮಧ್ಯಮ ವರ್ಗದ ಮದುವೆಯ ಸಾಮಾನಿನಲ್ಲಿ ಉಕ್ಕಿನ ಕಪಾಟು ಪ್ರಧಾನವಾಯಿತು. ಬೆಣೆ ತೆಗೆದರೆ ಹಳೆಯ ಸಾಗುವಾನಿ ಮಂಚದ ಕಾಲುಗಳು ಬೇರೆಯಾಗುತ್ತಿದ್ದವು. ಉಕ್ಕಿನ ಕಪಾಟು ಬಿಚ್ಚಿಕೊಳ್ಳದು. ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಪೆಟ್ಟಿಗೆಯನ್ನು ಓರೆ ಮಾಡಿದರೆ ಅದರ ಕರ್ಣ ಏಳು ಅಡಿಗೂ ಮಿಗಿಲು. ತಿರುವಿನ ಹಲಗೆಯ ಮೇಲೆ ಅದನ್ನು ನಿಲ್ಲಿಸಿ ತಿರುಗಿಸುವಾಗ ಮೇಲಿನ ಮೆಟ್ಟಿಲುಸಾಲಿನ ತಳ ತಲೆಗೆ ತಾಗುತ್ತದೆ. ಆದುದರಿಂದ ಹಗ್ಗದಲ್ಲಿ ಮೇಲೇರಿದ ಎಷ್ಟೋ ಕಪಾಟುಗಳು ಮತ್ತೆ ಕೆಳಗಿಳಿಯಲಿಲ್ಲ. ಖೋಲಿಯೊಡನೆ ಮುಂದಿನ ಬಾಡಿಗೆದಾರನ ಪಾಲಾದವು.

ಹೊತ್ತವನ ವಿಷಯ ಬೇರೆ. ಹಮಾಲನ ಕೂಲಿ ಮಾಳೆಯ ಲೆಕ್ಕ: ಎಷ್ಟು ಮಾಳೆ ಹತ್ತಬೇಕೋ ಅಷ್ಟು ಹೆಚ್ಚು. ತಿರುವುಗಳಿಗೆ ಪ್ರತ್ಯೇಕ ದರವಿಲ್ಲ. ಬೆನ್ನು ಮುರಿಯುವುದು ಅಲ್ಲಿಯೇ. ಮರಾಠಿಯಲ್ಲಿ ಮಾಥಾ ಎಂದರೆ ತಲೆ; ತಲೆಹೊರೆಯವನು ಮಾಥಾಡಿ. ಈ ಕೆಲಸಗಾರರಿಗೆ ಮಹಾರಾಷ್ಟ್ರದಲ್ಲಿ ಕಾಯಿದೆಯ ರಕ್ಷಣೆ ದೊರೆತದ್ದು 1969ರಲ್ಲಿ. ಅದರ ಅನುಸೂಚಿಯಲ್ಲಿ ಎದ್ದು ಕಾಣುವವು ಮಾರುಕಟ್ಟೆ, ಬಂದರು, ರೈಲ್ವೆ ಅಂಗಳಗಳು. ಚಾಳಿನ ಮೂರನೆಯ ಮಾಳೆಗೆ ಸಂಸಾರ ಹೊತ್ತವನು ಬಹುಮಟ್ಟಿಗೆ ನಾಕಾದ ಚೌಕಾಸಿಯನ್ನೇ ನಂಬಬೇಕಾಯಿತು.

ಗವರ್ನರ್ ಜಾರ್ಜ್ ಲಾಯ್ಡ್‌ನ ಕಾಲದಲ್ಲಿ, 1920ರಲ್ಲಿ, ಸ್ಥಾಪಿತವಾದ ಅಭಿವೃದ್ಧಿ ಇಲಾಖೆ ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವ್ಡಿಗಳಲ್ಲಿ ಒಟ್ಟು 207 ಚಾಳುಗಳನ್ನು ಕಾಂಕ್ರೀಟಿನಲ್ಲಿ ಕಟ್ಟಿಸಿತು. ನೆಲಮಾಳೆಯ ಮೇಲೆ ಮೂರು ಮಾಳೆ, ಚಾಳಿಗೆ 80 ಖೋಲಿ, ಖೋಲಿಗೆ 160 ಚದರಡಿ. ಇಲ್ಲಿ ತೆರೆದ ಗ್ಯಾಲರಿ ಹೋಗಿ, ಎರಡೂ ಬದಿ ಖೋಲಿಗಳುಳ್ಳ ನಡುದಾರಿ ಬಂತು. ಮೆಟ್ಟಿಲು ಗಟ್ಟಿಯಾಯಿತು, ಆದರೆ ಹಗ್ಗದ ಉಪಾಯ ತಪ್ಪಿತು. ಬರುವುದೆಲ್ಲ ಮೆಟ್ಟಿಲಿನಿಂದಲೇ ಬರಬೇಕು. ಅನೇಕ ಖೋಲಿಗಳು ವರ್ಷಗಟ್ಟಲೆ ಖಾಲಿ ಉಳಿದವು. 1930ರ ದಶಕದ ಆರಂಭದಲ್ಲಿ ವರ್ಲಿಯ ಕೆಲವು ಚಾಳುಗಳು ಸತ್ಯಾಗ್ರಹಿಗಳ ತಾತ್ಕಾಲಿಕ ಸೆರೆಮನೆಯಾದವು. ಒಂದು ತುದಿಯಲ್ಲಿ ಕಾವಲುಗಾರ ನಿಂತರೆ ಸಾಕಾಗುವ ನಕ್ಷೆಗೆ ಅದೇನೂ ಅಸಹಜವಾದ ಉಪಯೋಗವಲ್ಲ.

ಅತ್ತ ಟ್ರಸ್ಟಿನ ದಾದರ್-ಮಾಟುಂಗಾ ಯೋಜನೆಗಳಲ್ಲಿ ಪ್ರತ್ಯೇಕ ಬ್ಲಾಕುಗಳ ಮನೆಗಳು ಎದ್ದು, ದಕ್ಷಿಣದ ಗುಮಾಸ್ತರ ಕುಟುಂಬಗಳು ಅಲ್ಲಿ ನೆಲೆಸಿದವು. ಕಕ್ಕಸು ಮನೆಯೊಳಗೇ ಬಂತು. ಮುಂಬಯಿಯ ಹಳೆಯ ಕಟ್ಟಡಗಳ ಹಿಂಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಸುರುಳಿಯಾಕಾರದ ಕಬ್ಬಿಣದ ಮೆಟ್ಟಿಲು ಜಾಡಮಾಲಿಗಾಗಿ ಮಾಡಿದ್ದು. ಬಕೀಟು ಹಿಡಿದ ಒಬ್ಬನು ಹತ್ತುವಷ್ಟೇ ಅದರ ಅಗಲ. ಸಾಮಾನಿಗೆ ಮುಂದಿನ ಮೆಟ್ಟಿಲು, ಮಲ ಹೊರುವವನಿಗೆ ಹಿಂದಿನದು: ಜಾತಿಯನ್ನು ನಕ್ಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ನಿದರ್ಶನಗಳು ವಿರಳ.

1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು ಬಹುಮಟ್ಟಿಗೆ 1940ರ ಮಟ್ಟಕ್ಕೆ ಕಟ್ಟಿಹಾಕಿತು, ಪಗಡಿಯನ್ನು ನಿಷೇಧಿಸಿತು. ಪಗಡಿ ನಿಲ್ಲಲಿಲ್ಲ; 1999ರ ಕಾಯಿದೆ ಅದನ್ನು ಒಪ್ಪಿಕೊಂಡಿತು. ಬಿಟ್ಟರೆ ಮತ್ತೆ ಸಿಗದೆಂಬ ಅಂಜಿಕೆಯಿಂದ ಮನೆ ಬದಲಿಸುವುದೇ ಅಪರೂಪವಾಯಿತು. ಮಾಲಿಕರು ರಿಪೇರಿ ಕೈಬಿಟ್ಟರು, ಮರದ ಮೆಟ್ಟಿಲುಗಳು ಲಡ್ಡಾದವು. 1969ರಲ್ಲಿ ದುರಸ್ತಿ ಮಂಡಳಿ ಏರ್ಪಟ್ಟಾಗ ಅದರ ವ್ಯಾಪ್ತಿಗೆ ಬಂದ ಹಳೆಯ ಕಟ್ಟಡಗಳು 19 ಸಾವಿರಕ್ಕೂ ಹೆಚ್ಚು. ಅಪಾಯದ ಕಟ್ಟಡದಿಂದ ಸಂಕ್ರಮಣ ಶಿಬಿರಕ್ಕೆ ಹೋದವರು ಗಂಟು ಬಿಚ್ಚದೆಯೇ ಕೆಲವು ಕಾಲ ಕಳೆದರು. ಅವರಲ್ಲಿ ಅನೇಕರು ದಶಕಗಳವರೆಗೆ ಅಲ್ಲಿಯೇ ಉಳಿದರು.

ವರ್ಲಿಯ ಚಾಳಿನ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಹೊಸ ಗೋಪುರಗಳ ಬೀಗದ ಕೈ ದೊರೆಯಿತು. 160ರ ಬದಲು 500 ಚದರಡಿ. ಇಂಥ ಎತ್ತರದ ಕಟ್ಟಡಗಳಲ್ಲಿ ಸಾಮಾನು ಲಿಫ್ಟಿನಲ್ಲಿ ಏರುತ್ತದೆ. ಅಲ್ಲಿ ಅಳತೆ ನೋಡಬೇಕಾದದ್ದು ಲಿಫ್ಟಿನ ಬಾಗಿಲನ್ನು, ಕೇಳಬೇಕಾದದ್ದು ನೆರೆಯವರ ಕೈಗಳನ್ನಲ್ಲ, ಸೊಸೈಟಿಯ ಅನುಮತಿಯನ್ನು: ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ. ಅದು ಬರುವವರೆಗೆ ಟೆಂಪೊ ಗೇಟಿನ ಹೊರಗೆ ನಿಂತಿರುತ್ತದೆ. ಹಮಾಲರು ಅದರ ನೆರಳಿನಲ್ಲಿ ಕುಳಿತಿರುತ್ತಾರೆ.