ಪ್ರಾಣಾಯಾಮ, ಭಾರ, ಮರಳು: ದೂರದ ಓಟದ ಪೂರಕ ತರಬೇತಿಯ ಬಗ್ಗೆ ದೇವಬಾಗದ ನೆಲದಿಂದ ಒಂದು ಆಕ್ಷೇಪ

ದೂರದ ಓಟಗಾರರಿಗೆ ಓಟದ ಜೊತೆಗೆ ಯೋಗ ಸಾಕೇ, ಭಾರವನ್ನೂ ಎತ್ತಬೇಕೇ ಎಂಬ ಚರ್ಚೆಯಲ್ಲಿ ಯೋಗದ ಪಕ್ಷಕ್ಕೆ ಒದಗುವ ಭಾರತೀಯ ಸಾಕ್ಷ್ಯಗಳಲ್ಲಿ ಗಟ್ಟಿಯಾದದ್ದು ಪಿ.ಎಸ್. ರಾಜು ಮತ್ತು ಸಂಗಡಿಗರು 1994ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಪ್ರಕಟಿಸಿದ ಲೇಖನ. ಕ್ರೀಡಾಪಟುಗಳ ಎರಡು ಗುಂಪುಗಳನ್ನು ಎರಡು ವರ್ಷ ಪರೀಕ್ಷಿಸಿದ ಅವರು, ಪ್ರಾಣಾಯಾಮ ಮಾಡಿದವರು ಅಷ್ಟೇ ಕೆಲಸಕ್ಕೆ ಕಡಿಮೆ ಆಮ್ಲಜನಕ ಬಳಸುವವರಾದರು, ರಕ್ತದ ಲ್ಯಾಕ್ಟೇಟ್ ಏರದೆಯೇ ಹೆಚ್ಚು ಕೆಲಸ ಮಾಡಬಲ್ಲವರಾದರು ಎಂದು ವರದಿ ಮಾಡಿದರು. ಹಾಗಾದರೆ ಜಿಮ್ ಯಾಕೆ ಎಂದು ಕೇಳುವುದು ಇಲ್ಲಿಂದ ಒಂದೇ ಹೆಜ್ಜೆ. ಆ ಹೆಜ್ಜೆ ಅವಸರದ್ದು ಎಂಬುದು ನನ್ನ ಮೊದಲ ಮಾತು. ಆದರೆ ಭಾರದ ಪಕ್ಷದವರು ಕೊಡುವ ಉತ್ತರವೂ ಕಾಳಿ ನದಿಯ ಅಳಿವೆಗೆ ತಾಗಿ ಕಾರವಾರ ಪಟ್ಟಣದ ಆಚೆ ದಡದಲ್ಲಿರುವ ದೇವಬಾಗದಂಥ ಮರಳ ನೆಲಕ್ಕೆ ಇದ್ದಂತೆಯೇ ಒಗ್ಗುವುದಿಲ್ಲ. ಈ ಲೇಖನದ ತಕರಾರು ಹೆಚ್ಚಾಗಿ ಅದರ ಮೇಲೆ.

ಯೋಗ ಮತ್ತು ಭಾರ ಎದುರಾಳಿಗಳೆಂಬ ಭಾವನೆ ಕನ್ನಡ ನಾಡಿನಲ್ಲಿ ಹಳೆಯದೇನಲ್ಲ. ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲಿ ಹೊರಬಂದದ್ದು 1934ರಲ್ಲಿ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿಸುತ್ತಲೇ ಸೂರ್ಯನಮಸ್ಕಾರವನ್ನೂ ಪ್ರಚಾರ ಮಾಡುತ್ತಿದ್ದರು. ಆಧುನಿಕ ಆಸನ ಪದ್ಧತಿಯ ಮೇಲೆ ಅಂಗಸಾಧನೆಯ ಪ್ರಭಾವವನ್ನು ನಾರ್ಮನ್ ಸ್ಯೋಮನ್, ಮಾರ್ಕ್ ಸಿಂಗಲ್ಟನ್ ವಿವರವಾಗಿ ಚರ್ಚಿಸಿದ್ದಾರೆ. ಆ ಚರಿತ್ರೆ ಇಲ್ಲಿ ಇಷ್ಟೇ ಸಾಕು.

ಭಾರ ತರಬೇತಿಯ ಪರವಾದ ಶರೀರಶಾಸ್ತ್ರದ ಆಧಾರಗಳೂ ಈಗ ಬಹುಮಟ್ಟಿಗೆ ಒಪ್ಪಿತ. ದಮ್ಮಿನ ತರಬೇತಿಯ ಜೊತೆ ಭಾರ ಸೇರಿದರೆ ಕೆಲವು ವಾರಗಳ ಮೇಲೆ ಬಲದ ಬೆಳವಣಿಗೆ ಕುಂಟುತ್ತದೆ ಎಂದು 1980ರಲ್ಲಿ ತೋರಿಸಿದ ಹಿಕ್ಸನ್, 1988ರಲ್ಲಿ ಅದೇ ನಾಣ್ಯದ ಮತ್ತೊಂದು ಮುಖವನ್ನೂ ತೋರಿಸಿದರು: 10 ವಾರ ಭಾರ ಎತ್ತಿದ ಪಳಗಿದ ಕ್ರೀಡಾಪಟುಗಳು ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಯುವ ಅವಧಿ 71 ನಿಮಿಷದಿಂದ 85ಕ್ಕೆ ಏರಿತು. ಗರಿಷ್ಠ ಆಮ್ಲಜನಕ ಬಳಕೆ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಲಾಭ ಬಂದದ್ದು ಶ್ವಾಸಕೋಶ, ಹೃದಯಗಳ ದಾರಿಯಿಂದಲ್ಲ, ಕಾಲಿನ ದಾರಿಯಿಂದ.

ರಾಜು ಅವರ ಲೇಖನವನ್ನು ಈ ಬೆಳಕಿನಲ್ಲಿ ಓದಬೇಕು. ಮೊದಲ ವರ್ಷದ ಕೊನೆಗೆ ಕೆಲಸದ ಪ್ರಮಾಣ ಹೆಚ್ಚಿದ್ದೂ ಆಮ್ಲಜನಕದ ಖರ್ಚು ಇಳಿದದ್ದೂ ಎರಡೂ ಗುಂಪುಗಳಲ್ಲಿ. ಹಾಗಾಗಿ ಆ ವರ್ಷದ ಗಳಿಕೆಯನ್ನು ಪ್ರಾಣಾಯಾಮದ ಖಾತೆಗೆ ಬರೆಯುವಂತಿಲ್ಲ. ಪ್ರಾಣಾಯಾಮದ ಗುಂಪು ಈ ವಿಷಯದಲ್ಲಿ ಬೇರೆಯಾಗಿ ನಿಲ್ಲುವುದು ಎರಡನೆಯ ವರ್ಷದಲ್ಲಿ. ವಿಶ್ರಾಂತಿಯಲ್ಲಿ ಲ್ಯಾಕ್ಟೇಟ್ ಇಳಿದದ್ದು ಆ ಗುಂಪಿನದೇ ವಿಶೇಷ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಟ್ಟು ಆಮ್ಲಜನಕದ ಲೆಕ್ಕ, ಉಳಿತಾಯ ಆದದ್ದು ಉಸಿರಾಟದ ಸ್ನಾಯುಗಳಲ್ಲೋ ಕಾಲಿನಲ್ಲೋ ಎಂದು ಹೇಳುವುದಿಲ್ಲ. ಭಾರ ಎತ್ತುವ ಮೂರನೆಯ ಗುಂಪು ಅಲ್ಲಿರಲಿಲ್ಲ. ಇಲ್ಲದ ಗುಂಪಿನ ಮೇಲೆ ಗೆಲುವು ಸಾರುವುದು ಹೇಗೆ?

ಇನ್ನು ಮರಳಿನ ಪ್ರಶ್ನೆ; ಅದಕ್ಕೆ ಮೊದಲು ಭಾರದ ಪಕ್ಷದ ಸಾಕ್ಷ್ಯವನ್ನು ಬಿಡಿಸಿ ನೋಡಬೇಕು. ಭಾರದ ಪರವಾಗಿ ಎತ್ತಿ ಹೇಳುವ ಎರಡು ಪ್ರಯೋಗಗಳು ಒಂದೇ ಜಾತಿಯವಲ್ಲ. ಫಿನ್ಲೆಂಡಿನ ಪಾವೊಲಾಯ್ನೆನ್ ಮತ್ತು ಸಂಗಡಿಗರು 1999ರಲ್ಲಿ ಓಟಗಾರರ ಒಟ್ಟು ತರಬೇತಿಯ ಶೇಕಡಾ 32 ಭಾಗವನ್ನು 9 ವಾರಗಳ ಕಾಲ ಚುರುಕು ಓಟ, ಜಿಗಿತ, ಹಗುರ ಭಾರವನ್ನು ಅತಿವೇಗದಲ್ಲಿ ತಳ್ಳುವುದು ಇವುಗಳಿಗೆ ಬಿಟ್ಟುಕೊಟ್ಟರು. 5 ಕಿ.ಮೀ. ಓಟದ ಸಮಯ ಸುಧಾರಿಸಿತು, ಓಟದ ಮಿತವ್ಯಯವೂ, ಅಂದರೆ ಅದೇ ವೇಗದ ಓಟಕ್ಕೆ ಕಡಿಮೆ ಆಮ್ಲಜನಕ ಸಾಕಾಗುವ ಗುಣವೂ, ಸುಧಾರಿಸಿತು. ನಾರ್ವೆಯ ಸ್ಟೋರೆನ್ ಮತ್ತು ಸಂಗಡಿಗರು 2008ರಲ್ಲಿ ಹಿಡಿದದ್ದು ಬೇರೆ ದಾರಿ: ವಾರಕ್ಕೆ 3 ದಿನ, 8 ವಾರ, ನಾಲ್ಕು ಸಲಕ್ಕಿಂತ ಹೆಚ್ಚು ಎತ್ತಲಾಗದಷ್ಟು ಭಾರ ಹೊತ್ತು ಅರ್ಧ ಬಸ್ಕಿ. ಅಲ್ಲಿಯೂ ಮಿತವ್ಯಯ ಶೇಕಡಾ 5ರಷ್ಟು ಸುಧಾರಿಸಿತು.

ಈ ಲಾಭಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹೆಜ್ಜೆ ಊರಿದಾಗ ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು ಹೆಜ್ಜೆ ಎತ್ತುವಾಗ ಮರಳಿಸುತ್ತದೆ; ಬಿಗಿಯಾದ, ಚುರುಕಾದ ಕಾಲು ಈ ಪುಟಿತವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ ಎಂಬುದು. ಆದರೆ ಪುಟಿತಕ್ಕೆ ಗಟ್ಟಿ ನೆಲ ಬೇಕು. ಒಣ ಮರಳಿನಲ್ಲಿ ಓಡುವುದಕ್ಕೆ ಗಟ್ಟಿ ನೆಲಕ್ಕಿಂತ 1.6 ಪಟ್ಟು ಶಕ್ತಿ ಬೇಕೆಂದು ಬೆಲ್ಜಿಯಮ್ಮಿನ ಲೆಜೂನ್ ಮತ್ತು ಸಂಗಡಿಗರು 1998ರಲ್ಲಿ ಅಳೆದರು. ಅದೇ ಓಟದಲ್ಲಿ ಯಾಂತ್ರಿಕ ಕೆಲಸ ಹೆಚ್ಚಿದ್ದು ಬರೀ 1.15 ಪಟ್ಟು. ಉಳಿದ ಖರ್ಚಿಗೆ ಅವರು ಕೊಟ್ಟ ಕಾರಣ, ಸ್ನಾಯು ಮತ್ತು ಸ್ನಾಯುರಜ್ಜುಗಳ ಕಾರ್ಯಕ್ಷಮತೆ ಕುಸಿದದ್ದು. ಹೆಜ್ಜೆ ಮರಳಿನಲ್ಲಿ ಹೂತಷ್ಟೂ ಪುಟಿತದ ಪಾಲು ಕರಗುತ್ತದೆ, ಸ್ನಾಯು ಆ ಕೆಲಸವನ್ನು ತಾನೇ ಮಾಡಬೇಕಾಗುತ್ತದೆ.

ಇದರಿಂದ ನನ್ನ ವಾದ ಹೀಗೆ ಸಾಗುತ್ತದೆ. ದೇವಬಾಗದ ಗಾಳಿಮರದ ತೋಪಿನ ಮುಂದಿನ ಒಣ ಮರಳಿನಲ್ಲಿ ದಿನವೂ ಓಡುವವರ ಕಾಲಿಗೆ, ಭಾರೀ ಬಸ್ಕಿಯಲ್ಲಿರುವಂತೆ ನಿಧಾನವಾಗಿ ಬಲ ಹಾಕುವ ಅಭ್ಯಾಸ ಆ ಓಟದಲ್ಲೇ ಸಾಕಷ್ಟು ಸಿಗುತ್ತದೆ. ಸಿಗದೆ ಉಳಿಯುವುದು ಪುಟಿತ. ಅವರು ಪಂದ್ಯ ಓಡುವುದಾದರೋ ಹೆದ್ದಾರಿಯ ಡಾಂಬರಿನಂಥ ಗಟ್ಟಿ ನೆಲದ ಮೇಲೆ. ಆದ್ದರಿಂದ ಅವರಿಗೆ ಪೂರಕವಾಗುವುದು ನಾರ್ವೆಯ ಭಾರವಲ್ಲ, ಫಿನ್ಲೆಂಡಿನ ಜಿಗಿತ, ಅದೂ ಗಟ್ಟಿ ನೆಲದ ಮೇಲೆ. ದಡಕ್ಕೆ ಹಗ್ಗದಿಂದ ಎಳೆಯುವ ರಂಪಣಿ ಮೀನುಬಲೆಯಲ್ಲಿ ದುಡಿದು ಬೆಳೆದವರಿಗೆ ಭಾರ ಬೇಕಿಲ್ಲ ಎಂಬ ಮಾತಿನಲ್ಲಿಯೂ ಅರ್ಧ ಸತ್ಯವಿದೆ: ಹಗ್ಗದ ಎಳೆತ ಬೆನ್ನನ್ನೂ ಹಿಡಿತವನ್ನೂ ಬೆಳೆಸುತ್ತದೆ, ಪುಟಿತ ಕಲಿಸುವುದಿಲ್ಲ. 

ಈ ವಾದಕ್ಕೆ ಮಿತಿಗಳಿವೆ, ಅವು ಸಣ್ಣವಲ್ಲ. ಮೊದಲನೆಯದಾಗಿ, ಸ್ಟೋರೆನ್ ಅವರ ಓಟಗಾರರಲ್ಲಿ ಹೆಚ್ಚಿದ್ದು ಬಲವಷ್ಟೇ ಅಲ್ಲ, ಬಲ ಏರುವ ವೇಗವೂ ಶೇಕಡಾ 26ರಷ್ಟು ಹೆಚ್ಚಿತು. ಭಾರ ನಿಧಾನವಾಗಿ ಮೇಲೇರಿದರೂ ಎತ್ತುವವರು ಚುರುಕಾಗಿ ತಳ್ಳಿದರೆ ನರಗಳು ಚುರುಕುತನವನ್ನೇ ಕಲಿಯಬಹುದು. ಆಗ ನಾನು ಎಳೆದ ಗೆರೆ ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ. ಎರಡನೆಯದಾಗಿ, ಕಡಲತೀರ ಎಂದರೆ ಒಂದೇ ನೆಲವಲ್ಲ. ಇಳಿತದ ಹೊತ್ತಿಗೆ ನೀರಂಚಿನ ಒದ್ದೆ ಮರಳು ಕಾಲಿಗೆ ಸಾಕಷ್ಟು ಗಟ್ಟಿಯಾಗಿಯೇ ಸಿಗುತ್ತದೆ. ಅಲ್ಲಿ ಮಾತ್ರ ಓಡುವವರಿಗೆ ನನ್ನ ವಾದ ಅನ್ವಯಿಸುವುದು ಕಷ್ಟ. ಮೂರನೆಯದು ಎಚ್ಚರಿಕೆ: ಮರಳಿಗೆ ಒಗ್ಗಿದ ಮೀನಖಂಡಕ್ಕೆ ಒಮ್ಮೆಲೇ ಗಟ್ಟಿ ನೆಲದ ಜಿಗಿತ ಕೊಟ್ಟರೆ ಸ್ನಾಯುರಜ್ಜು ನೋಯುವ ಸಂಭವವಿದೆ. ಆದ್ದರಿಂದ ಜಿಗಿತವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕಾಗುತ್ತದೆ.

ಹಾಗಾದರೆ ಯೋಗದ ಪಾಲೇನು? ಮೈ ಬಳುಕುವಷ್ಟೂ ಓಟ ದುಬಾರಿಯಾಗುತ್ತದೆ ಎಂಬ ಹೆದರಿಕೆಗೆ ಮೂಲ ಜೋನ್ಸ್ ಅವರ 2002ರ ಅಧ್ಯಯನದಂಥವು: 34 ಮಂದಿ ಅಂತರರಾಷ್ಟ್ರೀಯ ಮಟ್ಟದ ಓಟಗಾರರಲ್ಲಿ ಕಡಿಮೆ ಬಾಗುವವರೇ ಹೆಚ್ಚು ಮಿತವ್ಯಯಿಗಳಾಗಿ ಕಂಡರು. ಆದರೆ ಅದು ಬರೀ ಸಂಬಂಧ, ಕಾರಣವಲ್ಲ; ವರ್ಷಗಟ್ಟಲೆ ಓಡಿಯೇ ಅವರ ಕಾಲು ಬಿಗಿದಿರಬಹುದು. ನೆಲ್ಸನ್ ಮತ್ತು ಸಂಗಡಿಗರು 2001ರಲ್ಲಿ 10 ವಾರ ಮೈ ಎಳೆಸುವ ವ್ಯಾಯಾಮ ಮಾಡಿಸಿದಾಗ ಬಾಗುವಿಕೆ ಹೆಚ್ಚಿತು, ಮಿತವ್ಯಯ ಕೆಡಲಿಲ್ಲ. ಸುಧಾರಿಸಲೂ ಇಲ್ಲ. ಯೋಗದ ಒಂದು ಪಾಠದ ಸರಾಸರಿ ತೀವ್ರತೆ ವಿಶ್ರಾಂತಿಯ 2.5 ಪಟ್ಟು ಮಾತ್ರ ಎಂದು ಹೇಗಿನ್ಸ್ ಮತ್ತು ಸಂಗಡಿಗರು 2007ರಲ್ಲಿ ಅಳೆದಿದ್ದಾರೆ. ಇದನ್ನು ಯೋಗದ ಕೊರತೆ ಎಂದು ಎಣಿಸುವವರಿದ್ದಾರೆ. ನನಗೆ ಅದೇ ಅದರ ಅನುಕೂಲವಾಗಿ ಕಾಣುತ್ತದೆ. ವಾರವಿಡೀ ಮರಳಿನಲ್ಲಿ ದಣಿದ ಕಾಲಿಗೆ ಹೊಸ ಹೊರೆ ಹೊರಿಸದೆ ಬಿಡುವಿನ ದಿನದಲ್ಲಿ ಸೇರಿಸಬಹುದಾದ ಅಭ್ಯಾಸ ಅದು, ಉಸಿರಿನ ಬಗ್ಗೆ ರಾಜು ಹೇಳಿದ್ದು ನಿಂತರೆ ಇನ್ನೂ ಒಳ್ಳೆಯದು.

ಇಲ್ಲಿನ ಮುಖ್ಯ ವಾದ ಬೇರೆಬೇರೆ ನೆಲಗಳಲ್ಲಿ ನಡೆದ ಅಳತೆಗಳನ್ನು ಜೋಡಿಸಿ ಕಟ್ಟಿದ್ದು; ಅದನ್ನು ಒರೆಗೆ ಹಚ್ಚಲು ಒಂದೇ ಓಟಗಾರರನ್ನು ಒಣ ಮರಳು, ಒದ್ದೆ ಮರಳು, ಡಾಂಬರು ಮೂರರ ಮೇಲೂ ಓಡಿಸಿ ಅಳೆಯಬೇಕು. ಬೆನ್ನಿಗೆ ಕಟ್ಟಿಕೊಂಡು ಓಡಬಹುದಾದ ಆಮ್ಲಜನಕ ಮಾಪಕಗಳು ಇರುವುದರಿಂದ ಕಾರವಾರ, ಅಂಕೋಲಾ ತೀರದಲ್ಲಿಯೇ ಇದು ಸಾಧ್ಯ. ಪ್ರಾಣಾಯಾಮ, ಭಾರೀ ಬಸ್ಕಿ, ಜಿಗಿತ ಎಂದು ಮೂರು ಗುಂಪು ಬೇಕು. ರಾಜು ಅವರಲ್ಲಿ ವ್ಯತ್ಯಾಸ ಸ್ಪಷ್ಟವಾದದ್ದು ಎರಡನೆಯ ವರ್ಷದಲ್ಲಾದ್ದರಿಂದ ಅವಧಿಯೂ 8-9 ವಾರಕ್ಕೆ ಮುಗಿಯುವಂತಿಲ್ಲ. ಮಳೆಗಾಲದಲ್ಲಿ ಅಲೆ ಮರಳನ್ನು ಕೊಚ್ಚಿ ತೀರದ ಇಳಿಜಾರನ್ನೇ ಬದಲಿಸುವುದರಿಂದ, ಅಷ್ಟು ದೀರ್ಘ ಪ್ರಯೋಗದಲ್ಲಿ ‘ಅದೇ ನೆಲ’ವನ್ನು ವರ್ಷವಿಡೀ ಹಿಡಿದಿಡುವ ವಿಧಾನವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.