ಸುರುಳಿ ಸುತ್ತುವ ಸ್ಪಿನ್‌ಗಳು
ಕಾಂತೀಯ ವಸ್ತುವಿನ ಪರಮಾಣುಗಳು ಪುಟ್ಟ ಕಾಂತಸೂಜಿಗಳಂತೆ ವರ್ತಿಸುತ್ತವೆ. ಈ ಗುಣಕ್ಕೆ ಸ್ಪಿನ್ ಮೂಲ. ಪಕ್ಕದ ಸ್ಪಿನ್ ಒಂದೇ ದಿಕ್ಕಿಗೂ ಅದರಾಚೆಯದು ವಿರುದ್ಧ ದಿಕ್ಕಿಗೂ ಎಳೆದರೆ ಎರಡನ್ನೂ ಒಟ್ಟಿಗೆ ಪಾಲಿಸಲಾಗದು. ಈ ಇಕ್ಕಟ್ಟೇ 'ಫ್ರಸ್ಟ್ರೇಷನ್'. ಆಗ ಸ್ಪಿನ್‌ಗಳು ಸಾಲಿನುದ್ದಕ್ಕೂ ತುಸುತುಸುವೇ ತಿರುಗುತ್ತ ಸುರುಳಿಯಾಗುತ್ತವೆ. ಯೋಶಿಮೋರಿ, ವಿಲೆನ್ ಹಾಗೂ ಕಪ್ಲಾನ್ 1959ರಲ್ಲಿ ಪ್ರತ್ಯೇಕವಾಗಿ ಇದನ್ನು ವಿವರಿಸಿದರು.

ಟರ್ಬಿಯಂ ಮ್ಯಾಂಗನೈಟ್‌ನ ವಿದ್ಯುತ್ ಧ್ರುವೀಕರಣವನ್ನು ಕಾಂತಕ್ಷೇತ್ರದಿಂದ ತಿರುಗಿಸಬಹುದೆಂದು 2003ರಲ್ಲಿ ಕಿಮುರಾ ತಂಡ ತೋರಿಸಿತು. ಆ ಧ್ರುವೀಕರಣಕ್ಕೆ ಸ್ಪಿನ್ ಸುರುಳಿಯೇ ಕಾರಣವೆಂಬುದು 2005ರಲ್ಲಿ ತಿಳಿಯಿತು. ವಿದ್ಯುತ್ ಹಾಗೂ ಕಾಂತಗುಣಗಳು ಒಂದಾಗಿರುವ ಇಂಥ ವಸ್ತುಗಳ ಅಧ್ಯಯನ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ನಡೆದಿದೆ. ಅಲ್ಪ ವಿದ್ಯುತ್ತಿನ ಕಂಪ್ಯೂಟರ್ ಮೆಮೊರಿಯ ಆಸೆ ಇಲ್ಲಿದೆ. ತೊಡಕೆಂದರೆ, ಟರ್ಬಿಯಂ ಮ್ಯಾಂಗನೈಟ್‌ನಲ್ಲಿ ಈ ಸುರುಳಿ ಉಳಿಯುವುದು ಸುಮಾರು ಮೈನಸ್ 245 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ.