ಬಂಡೆಯ ಮೇಲೆ ಒಂದು ಕಂಬ, ಕಂಬಕ್ಕೊಂದು ಟ್ಯೂಬು: ಗಾಳ ಹಾಕುವವರ ಜೀವ ಉಳಿಸಿದ ಸಾಧನಗಳ ಕಥೆ

"ಮೀನು ಹಿಡಿಯಲು ಹೋದ ಯುವಕ ಸಮುದ್ರಪಾಲು." ಕರಾವಳಿಯ ಪತ್ರಿಕೆಗಳಲ್ಲಿ ಈ ತಲೆಬರಹ ಯಾರಿಗೂ ಹೊಸದಲ್ಲ. ಅದನ್ನು ಬರೆದು ಕಳಿಸುವವರು ನಮ್ಮಂಥ ಜಿಲ್ಲಾ ವರದಿಗಾರರೇ. ಹೆಸರು, ವಯಸ್ಸು, ಊರು, "ಅಲೆಯ ಹೊಡೆತಕ್ಕೆ ಸಿಲುಕಿ", ಠಾಣೆಯಲ್ಲಿ ಪ್ರಕರಣ ದಾಖಲು. ಆರು ಸಾಲಿಗೆ ಸುದ್ದಿ ಮುಗಿಯುತ್ತದೆ. ಆ ಬಂಡೆಯ ಮೇಲೆ ಎಸೆಯಲು ಒಂದು ಟ್ಯೂಬು, ಒಂದು ಹಗ್ಗ ಇತ್ತೇ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿ, ಉತ್ತರವನ್ನೂ ತಾವೇ ಬಂಡೆಯ ಮೇಲೆ ನೆಟ್ಟವರು ಆಸ್ಟ್ರೇಲಿಯಾದ ಹವ್ಯಾಸಿ ಗಾಳಗಾರರು. ಅವರ ಕಥೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಡದಲ್ಲಿ ನಿಂತವನು ನೀರಿನಲ್ಲಿರುವವನನ್ನು ಹೇಗೆ ಉಳಿಸಬಹುದು ಎಂಬ ಯೋಚನೆಗೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

ಮೊದಲು ಬಂದದ್ದು ಹಗ್ಗ

1807ರ ಫೆಬ್ರುವರಿ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಊರಿನ ಎದುರು 'ಸ್ನೈಪ್' ಎಂಬ ನೌಕಾಪಡೆಯ ಹಡಗು ಬಿರುಗಾಳಿಗೆ ಸಿಕ್ಕಿ ನೆಲಕಚ್ಚಿತು. ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಹತ್ತಾರು ಜನ ದಡದವರ ಕಣ್ಣೆದುರೇ ಸತ್ತರು. ನೋಡುತ್ತ ನಿಂತವರಲ್ಲಿ ಜಾರ್ಜ್ ಮ್ಯಾನ್‌ಬಿ ಎಂಬ ಅಧಿಕಾರಿಯೂ ಇದ್ದ. ಆತ ಸೈನ್ಯದ ಸಣ್ಣ ಫಿರಂಗಿಗೆ ಹಗ್ಗ ಕಟ್ಟಿದ ಗುಂಡು ತುಂಬಿ, ದಡದಿಂದ ಹಡಗಿನ ಮೇಲೆ ಹಾರಿಸುವ ಉಪಾಯ ಕಂಡುಹಿಡಿದ. ಮರುವರ್ಷ, 1808ರ ಫೆಬ್ರುವರಿಯಲ್ಲಿ 'ಎಲಿಜಬೆತ್' ಎಂಬ ಹಡಗಿನ ಏಳು ಜನ ಆ ಹಗ್ಗ ಹಿಡಿದು ಬದುಕಿ ಬಂದರು.

1824ರಲ್ಲಿ ಸರ್ ವಿಲಿಯಂ ಹಿಲರಿ ಎಂಬುವರ ಪ್ರಯತ್ನದಿಂದ ಬ್ರಿಟನ್ನಿನಲ್ಲಿ ಜೀವರಕ್ಷಕ ದೋಣಿಗಳ ಸಂಸ್ಥೆ ಹುಟ್ಟಿತು. ಈಗ ಆರ್‌ಎನ್‌ಎಲ್‌ಐ ಎಂದು ಹೆಸರಾದ ಸಂಸ್ಥೆ ಅದೇ. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಕೊಲ್ಲಿಯಲ್ಲಿ ಒಂದು ಬಂಡೆ ಇದೆ. ಭರತದಲ್ಲಿ ಅದು ಮುಳುಗುತ್ತಿತ್ತು, ಹಡಗುಗಳು ಬಡಿಯುತ್ತಿದ್ದವು. 1832ರಲ್ಲಿ ಹಿಲರಿ ಆ ಬಂಡೆಯ ಮೇಲೆಯೇ ಕಲ್ಲಿನ ಗೋಪುರ ಕಟ್ಟಿಸಿದರು. ಒಳಗೆ ರೊಟ್ಟಿ, ಕುಡಿಯುವ ನೀರು, ಸಹಾಯಕ್ಕೆ ಬಾರಿಸಲು ಒಂದು ಗಂಟೆ. ಈಜಿ ಬಂಡೆ ಹಿಡಿದವನು ಸಹಾಯ ಬರುವ ತನಕ ಅಲ್ಲಿ ಜೀವ ಹಿಡಿದುಕೊಂಡಿರಬಹುದಿತ್ತು. ಅಪಾಯ ಇರುವ ಜಾಗದಲ್ಲಿಯೇ ಸಾಧನವನ್ನೂ ಇಡಬೇಕು ಎಂಬ ಬುದ್ಧಿ ಇದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹದಿಮೂರರಲ್ಲಿ ಒಬ್ಬ

ನಮ್ಮ ಹಳ್ಳಿಗಳಲ್ಲಿ ಬಾವಿಗಿಳಿಸಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟುತ್ತಿದ್ದರು. ಕೆಲವು ಕಡೆ ಒಣಗಿದ ಸೋರೆ ಬುರುಡೆ. 1854ರಲ್ಲಿ ಆರ್‌ಎನ್‌ಎಲ್‌ಐನ ಕ್ಯಾಪ್ಟನ್ ವಾರ್ಡ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಕಾರ್ಕ್ ಮರದ ತೊಗಟೆಯ ತುಂಡುಗಳನ್ನು ದಪ್ಪ ಬಟ್ಟೆಯ ಅಂಗಿಗೆ ಸಾಲಾಗಿ ಹೊಲಿಸಿದರು. ದೋಣಿಯ ಹುಟ್ಟು ಹಾಕುವವರಿಗೆ ಅದು ಇಷ್ಟವಾಗಲಿಲ್ಲ. ದಪ್ಪ, ಒರಟು, ಕೈಯಾಡಿಸಲು ತೊಡಕು.

1861ರ ಫೆಬ್ರುವರಿ 9ರಂದು ವಿಟ್ಬಿ ಊರಿನ ಸಮುದ್ರದಲ್ಲಿ ಭಾರಿ ಬಿರುಗಾಳಿ. ಅಲ್ಲಿನ ಜೀವರಕ್ಷಕ ದೋಣಿಯ ಹದಿಮೂರು ಜನ ಬೆಳಗ್ಗಿನಿಂದ ಒಂದಾದ ಮೇಲೊಂದು ಹಡಗಿನವರನ್ನು ಉಳಿಸಿ ತಂದರು. ಕೊನೆಗೆ ಮತ್ತೆ ಹೊರಟಾಗ ಅವರ ದೋಣಿಯೇ ಮಗುಚಿತು. ಹನ್ನೆರಡು ಜನ ಸತ್ತರು. ಬದುಕಿದ್ದು ಹೆನ್ರಿ ಫ್ರೀಮನ್ ಒಬ್ಬ. ಆ ಹೊಸ ಕಾರ್ಕ್ ಅಂಗಿ ತೊಟ್ಟಿದ್ದವನೂ ಅವನೊಬ್ಬನೇ.

ಸತ್ತ ಹನ್ನೆರಡು ಜನ ಅಡ್ನಾಡಿಗಳಲ್ಲ, ಅಂಜುಬುರುಕರಲ್ಲ, ಸಮುದ್ರ ಗೊತ್ತಿಲ್ಲದವರೂ ಅಲ್ಲ. ಆ ಊರಿನ ಅತ್ಯಂತ ಪಳಗಿದ ಕೈಗಳು. "ನನಗೆ ಈಜು ಬರುತ್ತದೆ, ಜಾಕೆಟ್ ಯಾಕೆ" ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನಮಗೆ ಸಿಕ್ಕಿಲ್ಲ.

ಬೂರುಗದ ಹತ್ತಿ ಕಡಲಿಗೆ ಇಳಿದದ್ದು

ಕಾರ್ಕ್ ಭಾರ ಎಂಬ ದೂರಿಗೆ ಉತ್ತರ ಬಂದದ್ದು ಮರದ ಮೇಲಿನಿಂದ. ದಿಂಬಿಗೆ ತುಂಬುವ ಬೂರುಗದ ಹತ್ತಿ ನಮಗೆಲ್ಲ ಗೊತ್ತು. ಅದರ ಒಂದೊಂದು ಎಳೆಯೂ ಒಳಗೆ ಟೊಳ್ಳು, ಹೊರಗೆ ಮೇಣದಂಥ ಜಿಡ್ಡು. ಹಾಗಾಗಿ ನೀರು ಬೇಗ ಒಳಹೋಗುವುದಿಲ್ಲ. ಬಿಳಿ ಬೂರುಗದ ಈ ಹತ್ತಿಗೆ ಇಂಗ್ಲಿಷಿನವರ ಹೆಸರು ಕಪೋಕ್. ಜಾವಾ ದ್ವೀಪದಿಂದ ಹಡಗುಗಟ್ಟಲೆ ಹೋಗುತ್ತಿತ್ತು. ಆರ್‌ಎನ್‌ಎಲ್‌ಐ 1904ರಲ್ಲಿ ಕಾರ್ಕ್ ಬಿಟ್ಟು ಕಪೋಕ್ ಜಾಕೆಟ್‌ಗೆ ಬದಲಾಯಿತು. ಕಪೋಕ್‌ಗೂ ಒಂದು ಐಬು ಇತ್ತು. ಮೇಲೆ ಕೂತು ಕೂತು ಅದುಮಿದರೆ, ಎಣ್ಣೆ ತಾಗಿದರೆ ತೇಲುವ ಶಕ್ತಿ ಕಳೆದುಕೊಳ್ಳುತ್ತಿತ್ತು.

1928ರಲ್ಲಿ ಅಮೆರಿಕದ ಪೀಟರ್ ಮಾರ್ಕಸ್ ಗಾಳಿ ತುಂಬುವ ಜಾಕೆಟ್‌ಗೆ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದಲ್ಲಿ ವಿಮಾನದವರು ತೊಟ್ಟದ್ದು ಅದರ ಮುಂದಿನ ರೂಪಗಳನ್ನು. ಯುದ್ಧದ ನಂತರ ಪ್ಲಾಸ್ಟಿಕ್ ಫೋಮ್ ಬಂತು. ಈಗ ಪೇಟೆಯಲ್ಲಿ ಸಿಗುವ ಕಿತ್ತಳೆ ಬಣ್ಣದ ಜಾಕೆಟ್ಟಿನ ಒಳಗೆ ಇರುವುದು ಅದೇ.

ಒಂದು ಲೆಕ್ಕ ತಿಳಿದಿರಲಿ. ನೀರಿಗಿಳಿದಾಗ ನಮ್ಮ ಮೈ ಭಾರ ಬಹುಪಾಲು ನೀರೇ ಹೊರುತ್ತದೆ. ಮುಖ ಮೇಲೆ ಉಳಿಯಲು ಬೇಕಾದದ್ದು ಸುಮಾರು ಐದು ಕೆಜಿ ಎತ್ತುವ ಬಲ ಮಾತ್ರ. ಜಾಕೆಟ್ಟಿನ ಮೇಲೆ '50 ನ್ಯೂಟನ್' ಎಂದು ಬರೆದಿದ್ದರೆ ಅದರ ಅರ್ಥ ಇದೇ ಐದು ಕೆಜಿ. ಬದುಕಿಗೂ ಸಾವಿಗೂ ನಡುವಿನ ತೂಕ ಇಷ್ಟೇ.

ಬಂಡೆಯ ಕಷ್ಟ ಬೇರೆ

ಇಷ್ಟೆಲ್ಲ ಸಾಧನ ಹುಟ್ಟಿದ್ದು ಹಡಗಿನವರಿಗೆ, ದೋಣಿಯವರಿಗೆ. ದೋಣಿಯಲ್ಲಿ ಹೋಗುವವನಿಗೆ ತಾನು ನೀರಿನ ಮೇಲಿದ್ದೇನೆ ಎಂಬ ಅರಿವು ಇರುತ್ತದೆ. ಬಂಡೆಯ ಮೇಲೆ ನಿಂತವನು ತಾನು ನೆಲದ ಮೇಲಿದ್ದೇನೆ ಎಂದೇ ತಿಳಿದಿರುತ್ತಾನೆ. ಹಾಗಾಗಿ ನೂರು ವರ್ಷ ಕಳೆದರೂ ಗಾಳಗಾರನ ಬಗ್ಗೆ ಯೋಚನೆ ಹರಿಯಲಿಲ್ಲ.

ಸಿಡ್ನಿ ನಗರದ ಆಚೀಚೆ ನೂರಾರು ಕಿಲೋಮೀಟರ್ ಉದ್ದಕ್ಕೆ ಮರಳುಗಲ್ಲಿನ ಬಂಡೆಗಳು ಕಟ್ಟೆಯ ಹಾಗೆ ಸಮುದ್ರಕ್ಕೆ ಚಾಚಿವೆ. ಬುಡದಲ್ಲೇ ಆಳ ನೀರು, ಆಳದಲ್ಲಿ ದೊಡ್ಡ ಮೀನು. ಗಾಳ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಇದಕ್ಕಿಂತ ಕೆಟ್ಟ ಜಾಗವೂ ಇಲ್ಲ.

ಕೆಟ್ಟದ್ದೇಕೆ? ಅಲೆಗಳೆಲ್ಲ ಒಂದೇ ಎತ್ತರದವಲ್ಲ. ಹತ್ತು ಸೆಕೆಂಡಿಗೊಂದು ಅಲೆ ಎಂದು ಹಿಡಿದರೆ ಗಂಟೆಗೆ 360, ಮೂರು ಗಂಟೆಗೆ ಸಾವಿರ ದಾಟುತ್ತದೆ. ಅಷ್ಟು ಅಲೆಗಳಲ್ಲಿ ಒಂದಾದರೂ ಮಿಕ್ಕವುಗಳ ಹತ್ತಿರ ಹತ್ತಿರ ಎರಡರಷ್ಟು ಎತ್ತರಕ್ಕೆ ಏಳುತ್ತದೆ. ಬಂದ ಕೂಡಲೇ ಅರ್ಧ ಗಂಟೆ ನೋಡಿ "ಇವತ್ತು ಸಮುದ್ರ ಸುಮ್ಮನಿದೆ" ಎಂದು ನಿಂತವನಿಗೆ ಆ ಅಲೆ ಕಂಡಿರುವುದಿಲ್ಲ. ನೀರಿಗೆ ಬಿದ್ದವನು ಬಂಡೆಯನ್ನೇ ಹಿಡಿಯಲು ಬರುತ್ತಾನೆ. ಮುಂದಿನ ಅಲೆ ಅವನನ್ನು ಅದೇ ಬಂಡೆಗೆ, ಚಿಪ್ಪು ಮೆತ್ತಿದ ಚೂಪು ಕಲ್ಲಿಗೆ ಎತ್ತಿ ಬಡಿಯುತ್ತದೆ. ಜೊತೆಗಿದ್ದವನು ಬರಿಗೈಯಲ್ಲಿ ಹಾರುತ್ತಾನೆ. ಒಂದು ಸಾವು ಎರಡಾಗುವುದು ಹೀಗೆ.

ಏಂಜಲ್ ರಿಂಗ್

1990ರ ದಶಕದ ಮೊದಲ ಅರ್ಧದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಗಾಳಗಾರರ ಸಂಘವೊಂದು ಈ ಸಾವುಗಳಿಗೆ ಉಪಾಯ ಹುಡುಕಲು ಕೂತಿತು. ಸಂಘದ ಹೆಸರು ಆಸ್ಟ್ರೇಲಿಯನ್ ನ್ಯಾಷನಲ್ ಸ್ಪೋರ್ಟ್‌ಫಿಶಿಂಗ್ ಅಸೋಸಿಯೇಷನ್, ಚಿಕ್ಕದಾಗಿ ಆನ್ಸಾ. ಅವರ ಉಪಾಯದಲ್ಲಿ ಯಾವ ಮಂತ್ರವೂ ಇರಲಿಲ್ಲ. ಜನ ಸಾಯುತ್ತಿರುವ ಬಂಡೆಯ ಮೇಲೆಯೇ ಒಂದು ಕಂಬ ನೆಡುವುದು, ಹಡಗಿನಲ್ಲಿ ಇರುವಂಥ ದುಂಡನೆಯ ಟ್ಯೂಬನ್ನು ಅದಕ್ಕೆ ತೂಗುಹಾಕುವುದು. ಯಾರು ಬೇಕಾದರೂ ಕಿತ್ತು ಎಸೆಯಬಹುದು. ಅದಕ್ಕೆ 'ಏಂಜಲ್ ರಿಂಗ್' ಎಂದು ಹೆಸರಾಯಿತು.

ಮೊದಮೊದಲು ಅಡ್ಡಿ ಬಂದದ್ದು ಸಮುದ್ರದಿಂದಲ್ಲ, ಕಾಗದಪತ್ರದಿಂದ. ಬಂಡೆ ಇರುವ ಜಾಗದ ಉಸ್ತುವಾರಿ ಹೊತ್ತ ಕಚೇರಿಗಳಿಗೆ ಒಂದು ಭಯ: ಟ್ಯೂಬು ಇದ್ದೂ ಯಾರಾದರೂ ಸತ್ತರೆ ನಮ್ಮ ಮೇಲೆ ಕೇಸು ಬಂದರೆ? ಟ್ಯೂಬು ಕಂಡು ಇನ್ನಷ್ಟು ಜನ ಬಂಡೆಗೆ ಬಂದರೆ? ಗಾಳಗಾರರು ಬಿಡಲಿಲ್ಲ. ಊರಿನ ಮೀನು ಕ್ಲಬ್ಬುಗಳು ತಮ್ಮ ತಮ್ಮ ಬಂಡೆಯ ಟ್ಯೂಬನ್ನು ನೋಡಿಕೊಳ್ಳುವ ಹೊಣೆ ಹೊತ್ತವು. ಕಳ್ಳತನವೂ ಆಯಿತು, ಮೋಜಿಗೆ ಕಿತ್ತು ಎಸೆದವರೂ ಇದ್ದರು. ಹೋದ ಜಾಗಕ್ಕೆ ಮತ್ತೆ ತಂದು ತೂಗುಹಾಕಿದರು. ಆ ರಾಜ್ಯದ ಕರಾವಳಿಯಲ್ಲಿ ಈಗ ನೂರಕ್ಕೂ ಹೆಚ್ಚು ಏಂಜಲ್ ರಿಂಗ್‌ಗಳಿವೆ. ಹತ್ತಾರು ಜೀವಗಳು ಉಳಿದಿವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಅಲ್ಲಿನ ಗಾಳಗಾರರ ಸಂಸ್ಥೆ ಇದೇ ದಾರಿ ಹಿಡಿಯಿತು. ಆಲ್ಬನಿ ಎಂಬ ಊರಿನ ಅಪಾಯದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಳ್ಳಲು ಕಬ್ಬಿಣದ ಕೊಂಡಿಗಳನ್ನೂ ಕೊರೆದು ಕೂರಿಸಿದ್ದಾರೆ.

1832ರ ಗೋಪುರದ ಬುದ್ಧಿಯೇ ಇದು. ಆದರೆ ಗೋಪುರ ಕಟ್ಟಿಸಿದ್ದು ಒಬ್ಬ ಸಾಹೇಬ. ಕಂಬ ನೆಟ್ಟವರು ಮೀನಿನ ಹುಚ್ಚಿನ ಸಾಮಾನ್ಯ ಜನ.

ಕಂಬ ಸಾಲದು ಎಂದಾಗ

ಟ್ಯೂಬು ಎಸೆಯಲು ಇನ್ನೊಬ್ಬ ಬೇಕು. ಒಂಟಿಯಾಗಿ ಹೋದವನಿಗೆ ಯಾರು ಎಸೆಯುತ್ತಾರೆ? ಸಾವು ನಿಲ್ಲಲಿಲ್ಲ. ಸತ್ತವರಲ್ಲಿ ಏಷ್ಯಾದ ದೇಶಗಳಿಂದ ಬಂದು ನೆಲೆಸಿದವರು ಬಹಳ ಮಂದಿ. ಅದಕ್ಕೇ ಎಚ್ಚರಿಕೆಯ ಫಲಕ, ಕರಪತ್ರಗಳು ಚೀನಿ, ವಿಯೆಟ್ನಾಮಿ, ಕೊರಿಯನ್ ಭಾಷೆಗಳಲ್ಲೂ ಬಂದವು. 2015ರಲ್ಲಿ ಹಲವು ಸಾವುಗಳನ್ನು ಒಟ್ಟಿಗೆ ವಿಚಾರಣೆ ಮಾಡಿದ ಅಧಿಕಾರಿ, ಬಂಡೆ ಮೇಲೆ ಗಾಳ ಹಾಕುವವರಿಗೆ ಲೈಫ್ ಜಾಕೆಟ್ ಕಡ್ಡಾಯ ಮಾಡಿ ಎಂದು ಶಿಫಾರಸು ಮಾಡಿದರು. 2016ರಲ್ಲಿ ರಾಕ್ ಫಿಶಿಂಗ್ ಸೇಫ್ಟಿ ಕಾಯ್ದೆ ಬಂತು. ಅದೇ ಡಿಸೆಂಬರ್ 1ರಿಂದ ಸಿಡ್ನಿಯ ರ‍್ಯಾಂಡ್‌ವಿಕ್ ಕೌನ್ಸಿಲ್ ವ್ಯಾಪ್ತಿಯಲ್ಲಿ ಪ್ರಯೋಗ ಶುರುವಾಯಿತು. ಮೊದಲು ತಿಳಿಹೇಳುವುದು, ಆಮೇಲೆ ತಪ್ಪಿದರೆ 100 ಡಾಲರ್ ದಂಡ. ಸೆಖೆ, ತೊಡಕು ಎಂದು ಗೊಣಗಿದವರೂ ಇದ್ದರು. ವಿಟ್ಬಿಯ ದೋಣಿಯವರು ಹೇಳಿದ್ದೂ ಅದೇ ಮಾತು.

ಜಪಾನಿನಲ್ಲಿ ಬಂಡೆ ಗಾಳಕ್ಕೆ ಇಸೊಝುರಿ ಎನ್ನುತ್ತಾರೆ. ಅಲ್ಲಿನವರು ಬೇರೆ ಜಾಕೆಟ್ ಹೊರುವುದಿಲ್ಲ. ಗಾಳ, ಎರೆ, ಕತ್ತರಿ ಇಡುವ ಜೇಬಿನ ಅಂಗಿಯಲ್ಲೇ ಫೋಮ್ ಇರುತ್ತದೆ. ಕಾಲಿಗೆ ಮೊಳೆ ಇರುವ ಬೂಟು. ಕೆಲಸದ ಬಟ್ಟೆಯೇ ರಕ್ಷಣೆಯೂ ಆದರೆ ತೊಡಲು ಬೇಸರವಿಲ್ಲ.

ಬೆಂಗಳೂರಿಗೆ ಕೇಳುವ ಕೂಗು

ಮೊಬೈಲ್ ಸಿಗ್ನಲ್ ಇಲ್ಲದ ಬಂಡೆಯಿಂದ ಯಾರನ್ನು ಕರೆಯುವುದು? 1979ರಲ್ಲಿ ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಕಾಸ್ಪಾಸ್-ಸಾರ್ಸಾಟ್ ಎಂಬ ವ್ಯವಸ್ಥೆಗೆ ಒಪ್ಪಿದವು. ಅಂಗೈ ಅಗಲದ ಒಂದು ಯಂತ್ರದ ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ಹೋಗುತ್ತದೆ. 1982ರ ಸೆಪ್ಟೆಂಬರಿನಲ್ಲಿ ಕೆನಡಾದಲ್ಲಿ ಮೊದಲ ಜೀವಗಳು ಉಳಿದವು. ಅಲ್ಲಿಂದೀಚೆ ಹತ್ತಾರು ಸಾವಿರ ಜನ. ಭಾರತದ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರಾಕ್‌ನಲ್ಲಿ. ಆದರೆ ಇದು ಕೂಗುವ ಯಂತ್ರವೇ ಹೊರತು ತೇಲಿಸುವ ಯಂತ್ರವಲ್ಲ. ಸಹಾಯ ಬರುವ ತನಕ ತೇಲುತ್ತಿರಲು ಮೈಮೇಲೆ ಜಾಕೆಟ್ಟೇ ಬೇಕು.

ನಮ್ಮ ಪಾದೆಗಳಿಗೆ, ನಮ್ಮ ಕೆರೆಗಳಿಗೆ

ಸೋಮೇಶ್ವರ, ಕಾಪು, ಗೋಕರ್ಣದಲ್ಲಿ ಬಂಡೆಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಡದಲ್ಲಿ ಗಾಳ ಹಾಕುವವನನ್ನು ತಡೆಯುವ ನಿಷೇಧ ಅದಲ್ಲ, ಕಡಲು ಮಾತ್ರ ಆಗಲೇ ಅತಿ ಒರಟು. ಒಳನಾಡಿನವರಿಗೆ ಬಂಡೆ ಇಲ್ಲದಿದ್ದರೂ ಕೆರೆ ಏರಿ, ನಾಲೆ, ಕಲ್ಲುಕ್ವಾರಿ ಇವೆ.

ಹಡಗುಗಳಿಗೆ ಒಪ್ಪಿತವಾದ ಅಂತರರಾಷ್ಟ್ರೀಯ ನಿಯಮದ ಟ್ಯೂಬು 14.5 ಕೆಜಿ ಕಬ್ಬಿಣವನ್ನು 24 ಗಂಟೆ ತೇಲಿಸಬೇಕು. ಅಂಥದ್ದೊಂದು, ತೇಲುವ ಹಗ್ಗ, ಒಂದು ಕಂಬ: ಗ್ರಾಮ ಪಂಚಾಯಿತಿಗೆ ದೊಡ್ಡ ಖರ್ಚಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಯಾವ ಬಂಡೆ, ಯಾವ ಏರಿ ಎಂದು ಹೆಸರು ಹಿಡಿದು ಬರೆಯಿರಿ. ನೋಡಿಕೊಳ್ಳುವ ಯುವಕ ಸಂಘದ ಹೆಸರನ್ನೂ ಅದರಲ್ಲೇ ಬರೆಯಿರಿ. ಆಸ್ಟ್ರೇಲಿಯಾದಲ್ಲಿ ಕೆಲಸ ನಿಂತದ್ದು ಈ ಎರಡನೆಯದರ ಮೇಲೆ.

ಅಲ್ಲಿಯ ತನಕ ಮುಚ್ಚಳ ಬಿಗಿಯಾಗಿರುವ ಐದು ಲೀಟರಿನ ಖಾಲಿ ಕ್ಯಾನು, ಅದಕ್ಕೆ ಕಟ್ಟಿದ ಉದ್ದ ಹಗ್ಗ ನಿಮ್ಮ ಚೀಲದ ಜೊತೆ ಇರಲಿ. ಮೇಲೆ ಹೇಳಿದ ಐದು ಕೆಜಿಯ ಲೆಕ್ಕ ಅದರಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಇದು ಜಾಕೆಟ್ಟಿಗೆ ಬದಲಲ್ಲ, ಬರಿಗೈಗಿಂತ ಮೇಲು.

ಯಾರಾದರೂ ನೀರಿಗೆ ಬಿದ್ದರೆ ಹಾರಬೇಡಿ. ತೇಲುವುದನ್ನು ಎಸೆಯಿರಿ, ಅವರ ಮೇಲಿಂದ ಕಣ್ಣು ತೆಗೆಯಬೇಡಿ, ಇನ್ನೊಬ್ಬರಿಂದ 112ಕ್ಕೆ ಕರೆ ಮಾಡಿಸಿ. ಸಮುದ್ರವಾದರೆ ಕೋಸ್ಟ್ ಗಾರ್ಡಿನ 1554. ನೀವೇ ಸಮುದ್ರಕ್ಕೆ ಬಿದ್ದರೆ ಬಂಡೆಯತ್ತ ಬರಬೇಡಿ. ನೊರೆ ದಾಟಿ ಹೊರಗೆ ಸರಿದು, ಅಂಗಾತ ತೇಲಿ, ಕೈ ಬೀಸಿ. ಈ ಎರಡು ನಂಬರುಗಳನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ, ಗಾಳ ಹಿಡಿದು ಹೋಗುವ ಮನೆಯ ಹುಡುಗರ ಫೋನಿಗೂ ಹಾಕಿಕೊಡಿ.